ಒಂದು ಮಿಲಿಮೀಟರ್ ಸಂದಿನ ಬಲ

ಯಲಹಂಕದಲ್ಲಿ ಆಕಾಶವಾಣಿಯ ಶಾರ್ಟ್‌ವೇವ್ ಪ್ರಸಾರ ಕೇಂದ್ರವಿದೆ. 1990ರ ದಶಕದಲ್ಲಿ ಅಲ್ಲಿಗೆ 500 ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರುಗಳು ಬಂದವು. ಸಮುದ್ರದಾಚೆಗೂ ದನಿ ಮುಟ್ಟಿಸುವ ತಾಕತ್ತು ಅವುಗಳದು. ಅಂಥ ಕಡೆಯಿಂದ ಹೊರಟ ದನಿಯೂ ಕಟ್ಟಕಡೆಗೆ ನಮ್ಮ ಕಿವಿಗೆ ಬೀಳುವುದು ಸ್ಪೀಕರಿನೊಳಗಿನ ಒಂದು ಮಿಲಿಮೀಟರ್ ಆಸುಪಾಸಿನ ಸಂದಿನ ಮೂಲಕ. ಆ ಸಂದಿನಲ್ಲಿ ತೆಳು ತಂತಿಯ ಸುರುಳಿಯೊಂದು ಆಡುತ್ತಿರುತ್ತದೆ. ಅದನ್ನು ಆಡಿಸುವುದು ಸುತ್ತಲಿನ ಕಾಂತಬಲ. ಹಳೇ ರೇಡಿಯೊ ಇಟ್ಟುಕೊಂಡವರೆಲ್ಲ ನನ್ನನ್ನು ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ: ದನಿ ಕುಗ್ಗಿದೆ, ಮೆಕ್ಯಾನಿಕ್ ನೋಡಿ ಮ್ಯಾಗ್ನೆಟ್ ಡೌನ್ ಆಗಿದೆ ಅಂದ, ಅದಕ್ಕೆ ಬಲ ತುಂಬಿಸುವುದು ಹೇಗೆ?

ಇಲ್ಲಿ ಎರಡು ಮಾತಿದೆ. ಕಳೆದುಕೊಂಡ ಬಲವನ್ನು ಮರಳಿ ತುಂಬುವುದು ಒಂದು, ಇರುವುದಕ್ಕಿಂತ ಹೆಚ್ಚು ಮಾಡುವುದು ಇನ್ನೊಂದು. ಅಯಸ್ಕಾಂತದೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ವಲಯಗಳಿವೆ. ಒಂದೊಂದೂ ತಾನೇ ಒಂದು ಕಾಂತ. ಅವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ ಮೇಲೆ ಮುಗಿಯಿತು, ಆ ಲೋಹಕ್ಕೆ ಅದೇ ಮೇರೆ. ಕಾರ್ಖಾನೆಯಿಂದ ಚೆನ್ನಾಗಿ ಬಂದ ಮ್ಯಾಗ್ನೆಟ್ ಹೆಚ್ಚುಕಡಿಮೆ ಆ ಮೇರೆಯಲ್ಲೇ ಇರುತ್ತದೆ. ಅದನ್ನು ಇನ್ನೊಂದು ಮ್ಯಾಗ್ನೆಟ್ಟಿಗೆ ಎಷ್ಟು ಉಜ್ಜಿದರೂ ಒಂದು ಗೌಸ್ ಕೂಡ ಏರುವುದಿಲ್ಲ.

ಉಜ್ಜುವ ವಿದ್ಯೆ ಸುಳ್ಳೇನಲ್ಲ. ಉಕ್ಕಿನ ಸೂಜಿಗೆ, ದಿಕ್ಸೂಚಿಯ ಮುಳ್ಳಿಗೆ ಅದು ಸಲ್ಲುತ್ತದೆ. ವಿದ್ಯುತ್ತು ಕೈಗೆ ಬರುವ ಮುಂಚೆ ಮುಖ್ಯವಾಗಿ ಇದ್ದದ್ದು ಅದೇ. 1750ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಕೃತಕ ಅಯಸ್ಕಾಂತ ಮಾಡುವ ಬಗೆಗೇ ಒಂದು ಗ್ರಂಥ ಬರೆದ. ಅದಕ್ಕೂ ಒಂದೂವರೆ ಶತಮಾನ ಹಿಂದೆ, 1600ರಲ್ಲಿ, ವಿಲಿಯಂ ಗಿಲ್ಬರ್ಟ್ ಕಾದ ಕಬ್ಬಿಣವನ್ನು ಉತ್ತರ ದಕ್ಷಿಣವಾಗಿಟ್ಟು ಬಡಿದರೆ ಭೂಮಿಯೇ ಅದಕ್ಕೆ ಕಾಂತಗುಣ ಕೊಡುತ್ತದೆಂದು ತೋರಿಸಿದ್ದ. ನಮ್ಮೂರಿನವರಿಗೆ ಇದರಲ್ಲೊಂದು ಅನುಕೂಲ ಇದೆ. ಲಂಡನ್ನಿನಲ್ಲಿ ಭೂಕಾಂತದ ಗೆರೆಗಳು ನೆಲದೊಳಕ್ಕೆ ಕಡಿದಾಗಿ ಇಳಿಯುತ್ತವೆ. ಸರಳಿಗೆ ಪೂರ್ತಿ ಫಲ ಸಿಗಬೇಕಾದರೆ ಅದನ್ನೂ ಹಾಗೇ ವಾಲಿಸಿ ಹಿಡಿಯಬೇಕು. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ ಹತ್ತಿರ. ಇಲ್ಲಿ ಆ ಗೆರೆಗಳು ಬಹುಮಟ್ಟಿಗೆ ಮಲಗಿಯೇ ಇವೆ. ಹೆಬ್ಬಾಳದ ಮನೆಯ ತಾರಸಿಯಲ್ಲಿ ಸರಳನ್ನು ಅಡ್ಡಡ್ಡ, ಉತ್ತರಕ್ಕೆ ಮುಖವಾಗಿ ಇಟ್ಟು ಸುತ್ತಿಗೆಯಿಂದ ಬಡಿದು, ಗುಂಡುಸೂಜಿ ಎತ್ತಿ ನೋಡಿ. ಮಕ್ಕಳಿಗೆ ತೋರಿಸಲೇಬೇಕಾದ ಪ್ರಯೋಗ ಇದು. ಸ್ಪೀಕರಿಗೆ ಮಾತ್ರ ಇದರಿಂದ ಉಪಯೋಗವಿಲ್ಲ. ಇಲ್ಲಿ ಭೂಮಿಯ ಬಲ ಸುಮಾರು 40 ಮೈಕ್ರೊಟೆಸ್ಲಾ. ಹಳೇ ಸ್ಪೀಕರಿನ ಆಲ್ನಿಕೋ ಎಂಬ ಮಿಶ್ರಲೋಹದ ಮ್ಯಾಗ್ನೆಟ್ಟಿಗೆ ಪೂರ್ತಿ ಬಲ ತುಂಬಲು ಅದರ ಏಳು ಸಾವಿರ ಪಟ್ಟಿಗೂ ಹೆಚ್ಚು ಬೇಕು.

ಹೆಚ್ಚು ಬಲವೇ ಬೇಕೆಂದರೆ ಲೋಹವನ್ನೇ ಬದಲಿಸಬೇಕು. ಇಪ್ಪತ್ತನೆಯ ಶತಮಾನದ ಕಥೆಯೇ ಅದು. 1917ರಲ್ಲಿ ಜಪಾನಿನ ಕೊಟಾರೊ ಹೊಂಡಾ ಕೋಬಾಲ್ಟ್ ಬೆರೆಸಿ ಮಾಡಿದ ಉಕ್ಕು ಹಿಡಿದಿಡಬಲ್ಲ ಕಾಂತಶಕ್ತಿಯನ್ನು 1 ಎಂದಿಟ್ಟುಕೊಂಡರೆ, 1931ರಲ್ಲಿ ಮಿಶಿಮಾ ಕಂಡುಕೊಂಡ ಮಿಶ್ರಲೋಹದ ಕುಡಿಯಾದ ಆಲ್ನಿಕೋ 5ರ ಮಟ್ಟ ಮುಟ್ಟಿತು. 1980ರ ದಶಕದ ನಿಯೋಡಿಮಿಯಂ 50ರ ಹತ್ತಿರ ಹೋಯಿತು. ಆದರೆ ನಿಯೋಡಿಮಿಯಂ ಬಿಸಿಗೆ ಬೇಗ ಸೋಲುತ್ತದೆ. ತಡೆದುಕೊಳ್ಳಲಿ ಎಂದು ಡಿಸ್‌ಪ್ರೋಸಿಯಂ ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಮ್ಯಾಗ್ನೆಟ್ಟುಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಿದ್ಯುತ್ ಸ್ಕೂಟರ್ ಉದ್ಯಮ ಪರದಾಡಿದ್ದು, ಬಿಸಿಯಾಗುವ ಮೋಟರಿಗೆ ಅವೇ ಬೇಕಾದ್ದರಿಂದ. ಹಳೇ ರೇಡಿಯೊ ಸ್ಪೀಕರಿಗೆ ನಿಯೋಡಿಮಿಯಂ ಕೂರಿಸಲು ಹೊರಡುವವರನ್ನು ನಾನು ತಡೆಯುತ್ತೇನೆ. ಆ ಕೋನು, ಆ ಸುರುಳಿ, ಆ ಮ್ಯಾಗ್ನೆಟ್ ಒಂದಕ್ಕೊಂದು ಹೊಂದಿಸಿ ಮಾಡಿದವು. ಒಂದನ್ನು ಬದಲಿಸಿದರೆ ಅದರ ದನಿಯೇ ಹೋಯಿತು.

ನನ್ನ ಅನುಭವದಲ್ಲಿ ಬಲದ ಗುಟ್ಟು ಮ್ಯಾಗ್ನೆಟ್ಟಿಗಿಂತ ಅದರ ಸುತ್ತಲಿನ ಕಬ್ಬಿಣದಲ್ಲಿ ಹೆಚ್ಚು. ನೋಡಬೇಕೆಂದರೆ ಯಶವಂತಪುರ ದಾಟಿ ಪೀಣ್ಯಕ್ಕೆ ಬನ್ನಿ. ಅಲ್ಲಿ ಎರಡನೇ ಹಂತದಲ್ಲಿ ಸ್ನೇಹಿತರೊಬ್ಬರ ಗ್ರೈಂಡಿಂಗ್ ಶಾಪಿದೆ. ಸರ್ಫೇಸ್ ಗ್ರೈಂಡರಿನ ಮೇಜಿನ ಮೇಲೆ, ಜಾಬನ್ನು ಅಂದರೆ ಉಜ್ಜಬೇಕಾದ ಉಕ್ಕಿನ ತುಂಡನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಚಕ್ಕು. ಅದರ ಮೇಲ್ಮೈಯಲ್ಲಿ ಉಕ್ಕಿನ ಪಟ್ಟಿ, ನಡುನಡುವೆ ಹೊಳೆಯುವ ಹಿತ್ತಾಳೆ ಪಟ್ಟಿ. ಪಕ್ಕದ ತೂತಿಗೆ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದರೆ ಒಳಗಿನ ಮ್ಯಾಗ್ನೆಟ್ ಸಾಲು ಒಂದಿಷ್ಟು ಸರಿಯುತ್ತದೆ, ಅಷ್ಟೇ. ಕರೆಂಟಿಲ್ಲ, ಏನಿಲ್ಲ. ಸರಿಯುವ ಮುಂಚೆ ಕಾಂತಬಲ ಒಳಗೊಳಗೇ ಸುತ್ತು ಹೊಡೆಯುತ್ತಿರುತ್ತದೆ, ಜಾಬನ್ನು ಬೆರಳಿನಲ್ಲಿ ತಳ್ಳಬಹುದು. ಸರಿದ ಮೇಲೆ ಆ ಬಲಕ್ಕೆ ಜಾಬಿನ ಮೂಲಕ ಹಾಯದೆ ಬೇರೆ ದಾರಿಯಿಲ್ಲ. ನೀರು ತಗ್ಗನ್ನು ಹುಡುಕಿ ಹರಿಯುವಂತೆ ಕಾಂತಬಲ ಕಬ್ಬಿಣವನ್ನು ಹುಡುಕಿ ಹರಿಯುತ್ತದೆ. ಅದೇ ಮ್ಯಾಗ್ನೆಟ್, ಅಷ್ಟೇ ಬಲ. ಈಗ ಎರಡು ಕೈ ಹಾಕಿ ನೂಕಿದರೂ ಜಾಬು ಕದಲದು. ಸ್ನೇಹಿತರು ಜಾಬಿನ ಕೆಳಗೆ ಎರಡು ಹಾಳೆ ಕಾಗದ ಸೇರಿಸಿ ಮತ್ತೆ ಕೀಲಿ ತಿರುಗಿಸಿದರು. ಹಿಡಿತ ಸಡಿಲವಾದದ್ದು ಕೈಗೇ ಗೊತ್ತಾಯಿತು. ಕಾಗದದಷ್ಟು ಸಂದು ಅಷ್ಟು ಬಲ ತಿಂದಿತ್ತು. ಆಮೇಲೆ ಜಾಬಿನ ಬದಲು ತೆಳು ತಗಡು ಇಟ್ಟು ತೋರಿಸಿದರು. ಅಷ್ಟು ಬಲ ಹೊರಲು ತಗಡಿನಲ್ಲಿ ಕಬ್ಬಿಣವೇ ಸಾಲದು. ಮಿಕ್ಕದ್ದು ಗಾಳಿಗೆ ಸೋರಿ ಹೋಗುತ್ತದೆ.

ಸ್ಪೀಕರಿನಲ್ಲೂ ಇದೇ ನ್ಯಾಯ. ಹಿಂದಿನ ತಟ್ಟೆ, ನಡುವಿನ ಕಂಬ, ಮುಂದಿನ ತಟ್ಟೆ, ಮೂರೂ ಮೆದು ಕಬ್ಬಿಣ. ಕೆಲಸವೆಲ್ಲ ಆ ಸಂದಿಗೆ ಬಲ ತಲುಪಿಸುವುದು. ತಟ್ಟೆ ಮತ್ತು ಮ್ಯಾಗ್ನೆಟ್ಟಿನ ನಡುವೆ ತುಕ್ಕಿನ ಪದರ ಕೂತರೆ, ಹಳೇ ಅಂಟು ಉಳಿದರೆ ಅಲ್ಲೇ ಬಲ ಸೋರುತ್ತದೆ. ಫೆರೈಟ್ ಎಂಬ ಸೆರಾಮಿಕ್ ಮ್ಯಾಗ್ನೆಟ್ಟಿರುವ ಸ್ಪೀಕರಿನ ಬೆನ್ನಿಗೆ ಇನ್ನೊಂದು ಫೆರೈಟ್ ರಿಂಗನ್ನು ವಿಕರ್ಷಿಸುವಂತೆ ಅಂಟಿಸುವ ಉಪಾಯವನ್ನು ಅನೇಕರು ಮಾಡುತ್ತಾರೆ. ಹಿಂದಕ್ಕೆ ಸೋರುತ್ತಿದ್ದ ಬಲ ಸಂದಿಗೆ ತಿರುಗುವುದು ನಿಜ, ಆದರೆ ಸಿಗುವುದು ಸ್ವಲ್ಪವೇ. ಕಬ್ಬಿಣ ಸುಮಾರು 2 ಟೆಸ್ಲಾಕ್ಕೆ ತುಂಬಿ ನಿಲ್ಲುತ್ತದೆ; ನಡುಗಂಬ ಆಗಲೇ ತುಂಬಿದ್ದರೆ ಹಿಂದೆ ಎಷ್ಟು ರಿಂಗ್ ಪೇರಿಸಿದರೂ ದಂಡ. ಫ್ರೀಜರಿನಲ್ಲಿಟ್ಟರೆ ಬಲ ಏರುತ್ತದೆ ಎನ್ನುವುದೂ ಅರೆಸತ್ಯ. ಫೆರೈಟ್ ಒಂದೊಂದು ಡಿಗ್ರಿ ತಣ್ಣಗಾದಂತೆ ಶೇಕಡಾ 0.2ರಷ್ಟು ಏರುತ್ತದೆ, ಹೊರಗೆ ತೆಗೆದರೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ತಣ್ಣಗಿದ್ದಾಗ ಫೆರೈಟಿನ ತಾಳಿಕೆ ಕಡಿಮೆ. ಎದುರು ಬಲ ಬಿದ್ದರೆ ಇದ್ದದ್ದನ್ನೂ ಕಳೆದುಕೊಳ್ಳುತ್ತದೆ.

ಇನ್ನು ಹಳೇ ರೇಡಿಯೊ. ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ಮಾಡುತ್ತಿತ್ತು. ಆ ಕಾಲದ ವಾಲ್ವ್ ರೇಡಿಯೊಗಳ ಸ್ಪೀಕರಿನಲ್ಲಿ ಬಹಳಷ್ಟು ಆಲ್ನಿಕೋ. ಬಿಸಿಗೆ ಅದು ಜಗ್ಗುವುದಿಲ್ಲ, ದನಿಯೂ ನನಗೆ ಪ್ರಾಣ. ದೌರ್ಬಲ್ಯ ಒಂದೇ: ಎದುರು ಬಲಕ್ಕೆ ಬೇಗ ಮಣಿಯುತ್ತದೆ. ಕಬ್ಬಿಣದ ಕವಚದಿಂದ ಬಿಚ್ಚಿ ಹೊರಗೆ ತೆಗೆದರೆ ಸಾಕು, ತನ್ನ ಬಲ ತನಗೇ ಎದುರಾಗಿ ಇಳಿದುಬಿಡುತ್ತದೆ. ಮತ್ತೆ ಜೋಡಿಸಿದರೂ ಮೊದಲಿನಂತಾಗದು. ಆದ್ದರಿಂದ ಆಲ್ನಿಕೋ ಸ್ಪೀಕರನ್ನು ಒರೆಸಿ ಶುಚಿ ಮಾಡುವ ಉತ್ಸಾಹದಲ್ಲಿ ಬಿಚ್ಚಬೇಡಿ.

ಬಲ ಕುಂದಿದ್ದು ಕಿವಿಗೆ ಮೊದಲು ಗೊತ್ತಾಗುವುದು ಸದ್ದು ಕಡಿಮೆಯಾದದ್ದರಿಂದ ಅಲ್ಲ. ಸಂದಿನ ಬಲ ಶೇಕಡಾ 10 ಇಳಿದರೆ ಸದ್ದು ಒಂದು ಡೆಸಿಬೆಲ್ ಮಾತ್ರ ಇಳಿಯುತ್ತದೆ, ಯಾರಿಗೂ ತಿಳಿಯದು. ಅರ್ಧಕ್ಕಿಳಿದರೆ ಆರು ಡೆಸಿಬೆಲ್. ಅಷ್ಟರೊಳಗೆ ಮಂದ್ರಸ್ವರ ಕೆಟ್ಟಿರುತ್ತದೆ. ಕೋನನ್ನು ಹಿಡಿದು ನಿಲ್ಲಿಸುವ ಬಿಗಿ ಸಾಲದೆ ಮೃದಂಗದ ಎಡದ ಹೊಡೆತ ಗುಂಯ್ಯೆಂದು ಉದ್ದಕ್ಕೆ ಎಳೆಯುತ್ತದೆ. ಇದನ್ನು ಒಳ್ಳೆಯ ಬೇಸ್ ಎಂದುಕೊಂಡವರನ್ನು ಬಹಳ ಕಂಡಿದ್ದೇನೆ. ಮ್ಯಾಗ್ನೆಟ್ಟಿಗೆ ಮರಳಿ ಬಲ ತುಂಬಿದ ಮೇಲೆ ಅದೇ ಹೊಡೆತ ಬಿದ್ದಲ್ಲೇ ನಿಂತುಬಿಡುತ್ತದೆ, ಅದರ ಹಿಂದೆ ತಂಬೂರಿಯ ಶ್ರುತಿ ಬಿಡಿಸಿ ಕೇಳುತ್ತದೆ.

ಹೀಗೆ ಬಲ ತುಂಬುವವರು, ಅಂದರೆ ಚಾರ್ಜ್ ಮಾಡುವವರು, ಸ್ಪೀಕರನ್ನು ಇಡಿಯಾಗಿಯೇ ದಪ್ಪ ತಂತಿಯ ಕಾಯಿಲಿನೊಳಗೆ ಕೂರಿಸುತ್ತಾರೆ. ದೊಡ್ಡ ಕೆಪ್ಯಾಸಿಟರುಗಳಲ್ಲಿ ನೂರಾರು ವೋಲ್ಟ್ ತುಂಬಿಸಿ, ಕೆಲವು ಮಿಲಿಸೆಕೆಂಡಿನಲ್ಲಿ ಸಾವಿರಾರು ಆಂಪಿಯರ್ ಹರಿಸಿಬಿಡುತ್ತಾರೆ. ಮೂರು ವಿಷಯ ಕೇಳಿಕೊಂಡೇ ಒಪ್ಪಿಸಿ. ಮೊದಲಿದ್ದ ಧ್ರುವದ ದಿಕ್ಕಿಗೇ ತುಂಬಬೇಕು. ತಿರುವಾದರೆ ಕೆಂಪು ಕಪ್ಪು ವೈರು ಅದಲುಬದಲಾಗುತ್ತದೆ. ಸ್ಪೀಕರಿನ ಎರಡೂ ಟರ್ಮಿನಲ್ ಬಿಡಿಯಾಗಿರಬೇಕು. ಕೂಡಿಸಿದ್ದರೆ ಸುರುಳಿಯಲ್ಲಿ ಕರೆಂಟು ಹುಟ್ಟಿ ಕೋನನ್ನು ಒದೆಯುತ್ತದೆ. ಕಾಯಿಲಿನಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿದು ನಿಲ್ಲಲು ಡಯೋಡ್ ಇರಲೇಬೇಕು. ಇಲ್ಲವಾದರೆ ಅದು ಹಿಂದೆ ಮುಂದೆ ತೂಗಾಡುತ್ತ ಇಳಿದು, ತುಂಬಿದ ಬಲವನ್ನೇ ಅಳಿಸುತ್ತದೆ. 1961ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾದಾಗಿನಿಂದ ಊರಿನ ಗಡಿಯಾರ ರಿಪೇರಿಯವರಿಗೆ ಈ ತೂಗಾಟ ಚೆನ್ನಾಗಿ ಗೊತ್ತು; ಕಾಂತ ಹಿಡಿದ ಬ್ಯಾಲೆನ್ಸ್ ಸ್ಪ್ರಿಂಗಿನಿಂದ ಆ ಕಾಂತಗುಣ ಬಿಡಿಸಲು ಅವರು ಬಳಸುವುದೇ ಆ ತಂತ್ರ. ಕೆಪ್ಯಾಸಿಟರ್ ಬ್ಯಾಂಕನ್ನು ಮನೆಯಲ್ಲಿ ಕಟ್ಟಲು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರುತ್ತದೆ.