ಬಾಗಿಲು ತೆಗೆದ ಮೇಲೆ

ಶಿರಸಿ, ಸಿದ್ದಾಪುರದ ನಮ್ಮ ಕೇರಿ ಹುಡುಗರು ಇವತ್ತು ವೇದ, ಸ್ಮೃತಿಗಳನ್ನು ಮೊಬೈಲಿನಲ್ಲಿ ಪುಕ್ಕಟೆ ಓದಬಹುದು, ಗುಡ್ಡ ಹತ್ತಿ ಸಿಗ್ನಲ್ ಸಿಕ್ಕರೆ! ವೇದ ಕೇಳಿದ ಶೂದ್ರನ ಕಿವಿಗೆ ಕಾಸಿದ ತವರ ಇಲ್ಲವೇ ಅರಗು ಹೊಯ್ಯಿ ಎಂದ ಗೌತಮ ಧರ್ಮಸೂತ್ರವೂ ಅಲ್ಲೇ ಬಿದ್ದಿದೆ, 1879ರ ಬ್ಯೂಲರ್ ಅನುವಾದದಲ್ಲಿ. ಓದಲಿ. 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಅಂಬೇಡ್ಕರರು ಅದರ ಅಧ್ಯಾಯ, ಶ್ಲೋಕಸಂಖ್ಯೆ ಕೊಟ್ಟೇ ವಾದಿಸಿದವರು.

ಆದರೆ ಬಾಗಿಲು ತೆಗೆದರೆ ಸಾಕೇನ್ರಿ? ಯಾವುದನ್ನು ಗ್ರಂಥ ಅಂತ ಕರೆದು ಮೊದಲು ಅಚ್ಚಿಗೆ, ಆಮೇಲೆ ಅಂತರ್ಜಾಲಕ್ಕೆ ಏರಿಸಿದರು ಅನ್ನೋದನ್ನ ದಲಿತ ವಿಮರ್ಶೆ ಕೇಳಬೇಕು. 'ವಚನ ಸಂಚಯ'ದಲ್ಲಿ ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ ಸಿಗುತ್ತಾರೆ. ಹಳಕಟ್ಟಿಯವರು ತಾಳೆಗರಿ ಹುಡುಕಿ ಅಲೆದದ್ದರ ಫಲ ಅದು. ಯಲ್ಲಾಪುರದ ಸಿದ್ದಿಯರ ದಮಾಮಿ ಹಾಡು ಯಾವ ಗರಿಯಲ್ಲೂ ಇರಲಿಲ್ಲ. ಅಜ್ಜಿಯರ ಬಾಯಲ್ಲಿತ್ತು, ಈಗಲೂ ಇದೆ. ಮಳೆ ಬಿಟ್ಟ ಮೇಲೆ ಹೋಗಿ, ಕೂತು ಕೇಳಿ ಬರೆದುಕೊಳ್ಳೋಣ.