ಚದರಡಿಗೆ ಎಷ್ಟು ಗಾಳಿ?

ಬೆಂಗಳೂರಿನಲ್ಲಿ ಮನೆಯ ಕಿಟಕಿ ಬದಲಾಯಿಸಲು ಹೊರಟವರಿಗೆ ಮೊದಲು ಸಿಗುವುದು ಒಂದು ಸಂಖ್ಯೆ: ಚದರಡಿಗೆ ಇಷ್ಟು. ಹನುಮಂತನಗರದ ನಮ್ಮ ಮನೆಗೆ ಮೂವರು ಬಂದು ಅಳತೆ ತೆಗೆದುಕೊಂಡು ಹೋದರು. ಒಬ್ಬರು ₹580 ಅಂದರು, ಇನ್ನೊಬ್ಬರು ₹640, ಮೂರನೆಯವರು ₹720. ಮೂವರದ್ದೂ ಬಿಳಿ ಯುಪಿವಿಸಿ, ಮೂವರದ್ದೂ ಸ್ಲೈಡಿಂಗ್. ನಾವು ₹580ರವರಿಗೆ ಅಡ್ವಾನ್ಸ್ ಕೊಟ್ಟೆವು. ಎರಡು ವರ್ಷ ಆ ಕಿಟಕಿಗಳ ಜೊತೆ ಬಾಳಿದ ಮೇಲೆ ಈಗ ನನಗೆ ಅನ್ನಿಸುವುದು, ನಾವು ಮೋಸ ಹೋದದ್ದು ದರದಲ್ಲಲ್ಲ, ಆ ಅಳತೆಯಲ್ಲಿ. ಕಿಟಕಿಯನ್ನು ಚದರಡಿಯಲ್ಲಿ ಕೊಳ್ಳುವ ಈ ಪದ್ಧತಿಯೇ ನಮ್ಮ ಊರಿನ ಮನೆಗಳಿಗೆ ಕೆಡುಕು ಮಾಡುತ್ತಿದೆ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ಏಳರಲ್ಲಿ ಆರು ಕಿಟಕಿ ಬದಲಾಯಿಸಿದೆವು, ಒಟ್ಟು 110 ಚದರಡಿ. ₹580ರಂತೆ ₹63,800. ಅದರ ಮೇಲೆ 18% ಜಿಎಸ್‌ಟಿ ಸೇರಿ ₹75,284. ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಸೊಳ್ಳೆ ಪರದೆಯ ಬಾಗಿಲು ದರದಲ್ಲಿ ಸೇರಿರಲಿಲ್ಲ, ಅದಕ್ಕೆ ₹12,000. ಹಳೆಯ ಚೌಕಟ್ಟು ಕೀಳಲು ಕಿಟಕಿಗೆ ₹1,500, ಆರಕ್ಕೆ ₹9,000. ಹಳೆಯ ಕಬ್ಬಿಣದ ಸರಳುಗಳು ಮರದ ಚೌಕಟ್ಟಿನೊಳಗೇ ಕೂತಿದ್ದರಿಂದ ಚೌಕಟ್ಟಿನ ಜೊತೆ ಅವೂ ಹೋದವು, ಹೊಸ ಗ್ರಿಲ್‌ಗೆ ₹18,000. ಚೌಕಟ್ಟು ಕಿತ್ತಾಗ ಕಿತ್ತುಬಂದ ಗಾರೆಗೆ, ಆಮೇಲೆ ಒಳಗೂ ಹೊರಗೂ ಬಣ್ಣಕ್ಕೆ ₹14,000. ಎಲ್ಲ ಸೇರಿ ₹1,28,284. ಅಂದರೆ ಚದರಡಿಗೆ ₹1,166. ಶುರುವಿನಲ್ಲಿ ಹೇಳಿದ ದರದ ಎರಡು ಪಟ್ಟು. ಇದರಲ್ಲಿ ಯಾವುದೂ ಸುಳ್ಳು ಖರ್ಚಲ್ಲ, ಎಲ್ಲವೂ ಬೇಕಾದದ್ದೇ. ಆದರೆ ಒಂದನ್ನೂ ಮೊದಲ ದಿನ ಯಾರೂ ಹೇಳಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಹೊಸ ಮನೆಗೆ ಕಿಟಕಿ ಕೂರಿಸುವುದಕ್ಕೂ ನಿಂತ ಮನೆಯ ಕಿಟಕಿ ಕಿತ್ತು ಕೂರಿಸುವುದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಬಾಬತ್ತುಗಳಲ್ಲೇ ಇದೆ. ಕೊಟೇಶನ್ ಮಾತ್ರ ಎರಡಕ್ಕೂ ಒಂದೇ ನಮೂನೆಯದು.

ಇನ್ನು ಗಾಳಿಯ ಲೆಕ್ಕ. ನನ್ನ ತಕರಾರಿನ ತಿರುಳು ಇದು.

1986ರಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಮತ್ತಿ ಮರದ ಚೌಕಟ್ಟು, ತೇಗದ ಬಾಗಿಲು, ಒಂದೊಂದು ಕಿಟಕಿಗೂ ಹೊರಕ್ಕೆ ತೆರೆಯುವ ಎರಡು ರೆಕ್ಕೆ. ಬೆಳಿಗ್ಗೆ ಅಮ್ಮ ಚಿಲಕ ತೆಗೆದು ಎರಡೂ ರೆಕ್ಕೆ ತಳ್ಳಿ ಕೊಕ್ಕೆ ಹಾಕಿದರೆ ಕಿಟಕಿಯ ಬಾಯಿ ಪೂರ್ತಿ ತೆರೆಯುತ್ತಿತ್ತು. ಸ್ಲೈಡಿಂಗ್ ಕಿಟಕಿಯ ರಚನೆಯೇ ಬೇರೆ. ಒಂದು ಗಾಜು ಇನ್ನೊಂದರ ಹಿಂದೆ ಸರಿಯುತ್ತದೆ. ಎಷ್ಟೇ ತೆಗೆದರೂ ಅರ್ಧ ಮುಚ್ಚಿಯೇ ಇರುತ್ತದೆ. ಇದು ನನ್ನ ಅಂದಾಜಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತಾದಲ್ಲಿ ಇದಕ್ಕೊಂದು ಕೋಷ್ಟಕವಿದೆ. ರೆಕ್ಕೆ ತೆರೆಯುವ ಕಿಟಕಿಯಾದರೆ ಅದರ 90% ಭಾಗ ಗಾಳಿಗೆ ಒದಗುತ್ತದೆ, ಎರಡು ಗಾಜಿನ ಸ್ಲೈಡಿಂಗ್ ಆದರೆ 50%. ಬೆಂಗಳೂರಿನಂಥ ಸಮಶೀತೋಷ್ಣ ಊರಿನಲ್ಲಿ ಮನೆಯ ನೆಲದ ವಿಸ್ತಾರದ 12.5%ನಷ್ಟಾದರೂ ತೆರೆದ ಬಾಯಿ ಇರಬೇಕು ಎಂದೂ ಅದೇ ಸಂಹಿತೆ ಹೇಳುತ್ತದೆ.

ಇದನ್ನು ನಮ್ಮ ಮುಂದಿನ ಕೋಣೆಗೆ ಹಾಕಿ ನೋಡಿದೆ. ಹತ್ತು ಅಡಿಗೆ ಹನ್ನೆರಡು ಅಡಿ, 120 ಚದರಡಿ. ಅದರ 12.5% ಅಂದರೆ 15 ಚದರಡಿ ಬಾಯಿ ಬೇಕು. ಅಲ್ಲಿರುವುದು ಐದು ಅಡಿಗೆ ನಾಲ್ಕು ಅಡಿಯ ಒಂದೇ ಕಿಟಕಿ, 20 ಚದರಡಿ. ಹಳೆಯ ರೆಕ್ಕೆಗಳಿದ್ದಾಗ 18 ಚದರಡಿ ತೆರೆಯುತ್ತಿತ್ತು, ಸಾಕಾಗಿ ಮಿಗುತ್ತಿತ್ತು. ಈಗ ತೆರೆಯುವುದು 10. ಗೋಡೆಯಲ್ಲಿನ ಕಂಡಿ ಒಂದಿಂಚೂ ಚಿಕ್ಕದಾಗಿಲ್ಲ, ಬಿಲ್ಲಿನಲ್ಲೂ 20 ಚದರಡಿ ಅಂತಲೇ ಇದೆ, ಆದರೆ ಕೋಣೆಗೆ ಬರಬೇಕಾದ ಗಾಳಿ ಸುಮಾರು ಅರ್ಧಕ್ಕೆ ಇಳಿದಿದೆ. ಮೇಲೆ ಪರದೆಯ ಬಾಗಿಲು ಎಳೆದರೆ ಆ ಅರ್ಧದಲ್ಲೂ ಇನ್ನಷ್ಟು ಸೋರಿ ಹೋಗುತ್ತದೆ.

ಈಗ ದರವನ್ನು ತಿರುಗಿಸಿ ಲೆಕ್ಕ ಹಾಕೋಣ. ನಾವು ಕೊಟ್ಟ ₹1,28,284ಕ್ಕೆ ಸಿಕ್ಕ ತೆರೆದ ಬಾಯಿ 55 ಚದರಡಿ. ಚದರಡಿ ಗಾಳಿಗೆ ₹2,332 ಬಿತ್ತು. ಮೂರನೆಯವರು ರೆಕ್ಕೆ ತೆರೆಯುವ ಯುಪಿವಿಸಿ ಕಿಟಕಿಗೆ ₹800 ಹೇಳಿದ್ದರು. ದುಬಾರಿ ಅಂತ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದ ಖರ್ಚು ಅಷ್ಟೇ ಅಂತ ಇಟ್ಟುಕೊಂಡರೆ ಅದು ₹1,56,840 ಆಗುತ್ತಿತ್ತು, ಬಾಯಿ 99 ಚದರಡಿ ಸಿಗುತ್ತಿತ್ತು. ಚದರಡಿ ಗಾಳಿಗೆ ₹1,584. ದುಬಾರಿ ಅಂತ ಬಿಟ್ಟದ್ದೇ ಅಗ್ಗದ್ದಾಗಿತ್ತು.

ಸ್ಲೈಡಿಂಗ್ ಯಾಕೆ ಇಷ್ಟು ಹಬ್ಬಿತು ಅಂತ ಕೇಳಿದರೆ ಕಾರಣಗಳು ಇಲ್ಲದಿಲ್ಲ. ಕಾರಿಡಾರಿಗೆ, ಇಕ್ಕಟ್ಟಾದ ಬಾಲ್ಕನಿಗೆ ಅದು ಸರಿಯಾದ ಕಿಟಕಿ, ರೆಕ್ಕೆ ಅಡ್ಡ ಬರುವುದಿಲ್ಲ. ಯುಪಿವಿಸಿಗೆ ಗೆದ್ದಲು ಹತ್ತುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ಬಣ್ಣ ಕೇಳುವುದಿಲ್ಲ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಕಬ್ಬಿಣದ ಕಿಟಕಿ ತುಕ್ಕು ಹಿಡಿಯುವುದನ್ನು ಕಂಡವರು ಅದರ ಕಡೆ ತಿರುಗಿದರೆ ನಾನು ತಪ್ಪು ಹುಡುಕುವುದಿಲ್ಲ. ಆದರೆ ಅದೇ ಕರಾವಳಿಯ ಸೆಕೆಗೆ ಸಂಹಿತೆ ಕೇಳುವ ಬಾಯಿ ನೆಲದ ಆರನೇ ಒಂದು ಭಾಗ, ಬೆಂಗಳೂರಿಗಿಂತ ಹೆಚ್ಚು. ಅಲ್ಲಿ ಅರ್ಧ ಮುಚ್ಚಿದ ಕಿಟಕಿ ಇನ್ನೂ ದೊಡ್ಡ ನಷ್ಟ.

ನಾವು ಬದಲಾಯಿಸಲು ಹೊರಟದ್ದು ಸದ್ದಿಗಾಗಿ. ಮನೆ ಮುಂದಿನ ರಸ್ತೆಯಲ್ಲಿ ಬಸ್ಸು ಬರಲು ಶುರುವಾದ ಮೇಲೆ ಅಮ್ಮನಿಗೆ ಮಧ್ಯಾಹ್ನದ ನಿದ್ದೆ ಹೋಯಿತು. "ಇದು ಹಾಕ್ಸಿ ಸಾರ್, ಸೌಂಡೇ ಬರಲ್ಲ" ಅಂದರು ಮಾರಿದವರು. ಬರುತ್ತದೆ. ಸ್ಲೈಡಿಂಗ್ ಗಾಜು ಗಾಲಿಯ ಮೇಲೆ ಓಡಬೇಕಾದರೆ ಸುತ್ತ ಒಂದಿಷ್ಟು ಸಂದು ಇರಲೇಬೇಕು. ಆ ಸಂದಿಗೆ ಬ್ರಶ್ಶಿನಂಥ ಕೂದಲ ಪಟ್ಟಿ ಇಟ್ಟಿರುತ್ತಾರೆ. ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ, ಧೂಳೂ ನುಸುಳುತ್ತದೆ. ರೆಕ್ಕೆ ಕಿಟಕಿಯಲ್ಲಿ ಹಿಡಿ ತಿರುಗಿಸಿದಾಗ ಬಾಗಿಲು ರಬ್ಬರ್ ಪಟ್ಟಿಯ ಮೇಲೆ ಒತ್ತಿ ಕೂರುತ್ತದೆ, ಸುತ್ತಲೂ ಬಿಗಿಯಾಗುತ್ತದೆ. ಸದ್ದಿಗಾಗಿಯೇ ಖರ್ಚು ಮಾಡುವವರು ಆ ಬಿಗಿಯನ್ನೂ ದಪ್ಪ ಗಾಜನ್ನೂ ಕೇಳಬೇಕು. ನಮಗೆ ಕೊಟ್ಟದ್ದು 5 ಮಿಲಿಮೀಟರಿನ ಒಂಟಿ ಗಾಜು. ಬಸ್ಸಿನ ಹಾರ್ನ್ ಸ್ವಲ್ಪ ಮಂದವಾಗಿದೆ, ಅಷ್ಟೇ. ಅಮ್ಮನ ನಿದ್ದೆ ಮರಳಲಿಲ್ಲ. ಈಗ ಸೆಕೆಗೂ ಎಚ್ಚರವಾಗುತ್ತದೆ.

ಈ ಊರು ಗಾಳಿಯ ಬೆಲೆಯನ್ನು ಕಷ್ಟಪಟ್ಟು ಕಲಿತ ಊರು. 1898ರ ಪ್ಲೇಗಿನ ಹೊಡೆತದ ನಂತರ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಪೇಟೆಯ ಉಸಿರುಗಟ್ಟುವ ಓಣಿಗಳಿಂದ ಜನರನ್ನು ಹೊರತಂದು, ಅಗಲ ರಸ್ತೆ, ಮನೆಯ ಸುತ್ತ ಜಾಗ ಕೊಟ್ಟು ಕೂರಿಸಿದರು. ದಂಡು ಪ್ರದೇಶದ ಬಂಗಲೆಗಳ ಕಿಟಕಿಯ ಮೇಲೆ ಮುಂಚಾಚಿದ ಮರದ ಪಟ್ಟಿಗಳ ಚೂಪು ಮಾಡುಗಳನ್ನು ಬೆಂಗಳೂರಿನ ಹಳಬರು ಮಂಕಿ ಟಾಪ್ ಅನ್ನುತ್ತಾರೆ. ಇಂದು ಅಲ್ಲೊಂದು ಇಲ್ಲೊಂದು ಉಳಿದಿವೆ. ಎಷ್ಟು ಯೋಚಿಸಿ ಮಾಡಿದ ಕೆಲಸ ಅದು! ಬಿಸಿಲನ್ನೂ ಎರಚಲನ್ನೂ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಮಳೆ ಬರುವಾಗಲೂ ಕಿಟಕಿ ತೆರೆದಿಡಬಹುದು. ಅಷ್ಟು ತಿಳಿದಿದ್ದ ಊರಿನಲ್ಲಿ ನಾವು ಇವತ್ತು ಕಿಟಕಿಯನ್ನು ಗಾಜಿನ ವಿಸ್ತಾರದಲ್ಲಿ ಅಳೆದು ಕೊಳ್ಳುತ್ತಿದ್ದೇವೆ ಅನ್ನುವುದು ನನಗೆ ನಿಜವಾಗಿ ನೋವಿನ ವಿಷಯ.

ಚದರಡಿ ದರ ಮರೆಮಾಡುವ ಇನ್ನೊಂದು ಸಂಗತಿ ಕೂರಿಸುವ ಕೈ. ಮಾರುವವರು ಒಬ್ಬರು, ಫ್ಯಾಕ್ಟರಿಯಲ್ಲಿ ಬೆಸೆದು ಕಳಿಸುವವರು ಇನ್ನೊಬ್ಬರು, ಮನೆಗೆ ಬಂದು ಕೂರಿಸುವ ಹುಡುಗರು ಮತ್ತೊಂದು ಗುಂಪು. ಆ ಹುಡುಗರಿಗೆ ಕೂಲಿಯೂ ಕಿಟಕಿಯ ಲೆಕ್ಕದಲ್ಲೇ. ನಿಧಾನ ಮಾಡಿದರೆ ಅವರಿಗೇ ನಷ್ಟ. ನಮ್ಮಲ್ಲಿ ಇಬ್ಬರು ಒಂದೇ ದಿನದಲ್ಲಿ ನಾಲ್ಕು ಕಿಟಕಿ ಕೂರಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ಸಜ್ಜಾದ ಮೇಲೆ ನಿಂತು ದುಡಿದವರು ಅವರು.

ಮೇ ತಿಂಗಳ ಮೊದಲ ಗುಡುಗುಮಳೆಗೆ ಮಲಗುವ ಕೋಣೆಯ ಕಿಟಕಿಯಿಂದ ನೀರು ಒಳಗೆ ಹರಿಯಿತು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ ಮಳೆನೀರು ಬೀಳುವುದು ಸಹಜ, ಅದು ಹೊರಗೆ ಹೋಗಲೆಂದೇ ಹೊರಮುಖದಲ್ಲಿ ಸಣ್ಣ ಸೀಳುಗಳಿರುತ್ತವೆ. ಹಳಿ ತುಂಬಿ, ಒಳಗಿನ ಅಂಚು ದಾಟಿ, ಕೆಂಪು ನೆಲದ ಮೇಲೆ ನೀರು ಮಂಚದ ಕಾಲಿನವರೆಗೂ ಬಂದಿತ್ತು. ಬಟ್ಟೆ ಹಾಸಿ ಹಾಸಿ ಸಾಕಾಯಿತು. ಮಳೆ ನಿಂತ ಮೇಲೆ ಅಮ್ಮ ಗ್ರಿಲ್ಲಿನ ಸಂದಿಯಿಂದ ಕೈ ಹಾಕಿ ಹೊರಗಡೆ ತಡವಿದರು. "ಇಲ್ಲೇನೋ ಅಂಟು ಬಳಿದಿದಾರೆ ಕಣೋ" ಅಂದರು. ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಕೆದಕಿದರು. ಬಿಳಿ ಸಿಲಿಕಾನ್ ಎಳೆಯಾಗಿ ಕಿತ್ತುಬಂತು, ಹಿಂದೆಯೇ ನೀರು ಸೊರ್ ಅಂತ ಹೊರಕ್ಕೆ ಇಳಿಯಿತು. ಆರು ಕಿಟಕಿಯಲ್ಲಿ ನಾಲ್ಕಕ್ಕೆ ಹೀಗೇ ಆಗಿತ್ತು. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದು ಮುಚ್ಚುವ ಭರದಲ್ಲಿ ನೀರಿನ ದಾರಿಯನ್ನೂ ಮುಚ್ಚಿಬಿಟ್ಟಿದ್ದರು. ಹತ್ತು ವರ್ಷದ ವಾರಂಟಿ ಇತ್ತಲ್ಲ ಅಂತ ಕಾಗದ ತೆಗೆದು ನೋಡಿದರೆ ಅದು ಪ್ರೊಫೈಲಿಗೆ, ಅಂದರೆ ಆ ಬಿಳಿ ಪ್ಲಾಸ್ಟಿಕ್ಕಿಗೆ. ಕೂರಿಸಿದ ಕೆಲಸಕ್ಕೆ ಒಂದು ದಿನದ ಮಾತೂ ಅದರಲ್ಲಿಲ್ಲ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ದರದ ಮಾತಿಗೆ ಮೊದಲು ಹೇಳುವುದು ಇದು: ಕೂರಿಸುವ ಕೆಲಸಕ್ಕೆ ಎಷ್ಟು ವರ್ಷ ಹೊಣೆ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಮೊದಲ ಜೋರು ಮಳೆ ಮುಗಿಯುವವರೆಗೆ ಹತ್ತರಲ್ಲಿ ಒಂದು ಪಾಲು ದುಡ್ಡು ಹಿಡಿದಿಡಿ. ಬಿಲ್ ಬೇಡ, ಜಿಎಸ್‌ಟಿ ಉಳಿಯುತ್ತೆ ಅಂದರೆ ಒಪ್ಪಬೇಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಬಿಲ್ಲೇ ಆಧಾರ. ₹5 ಲಕ್ಷದವರೆಗೆ ಕೊಟ್ಟ ಕೆಲಸದ ದೂರಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಇನ್ನು ಏಳನೆಯ ಕಿಟಕಿ. ಹಿತ್ತಲ ಕಡೆಯ ಸಣ್ಣ ಕೋಣೆಯದು, ದುಡ್ಡು ಮುಗಿದದ್ದರಿಂದ ಹಾಗೇ ಉಳಿದಿತ್ತು. ಕೆಳಗಿನ ಮರಕ್ಕೆ ಗೆದ್ದಲು ಬಿದ್ದಿತ್ತು, ಒಂದು ರೆಕ್ಕೆ ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತಿತ್ತು. ಪಕ್ಕದ ಬೀದಿಯ ಆಚಾರ್ರನ್ನು ಕರೆದೆ. ಅವರು ಉಳಿಯ ತುದಿಯಿಂದ ಚೌಕಟ್ಟನ್ನು ಉದ್ದಕ್ಕೂ ಕುಟ್ಟಿಕೊಂಡು ಬಂದರು, ಸದ್ದು ಬದಲಾದಲ್ಲಿ ಪೆನ್ಸಿಲ್ ಗೀಟು ಎಳೆದರು. ಮೇಲಿನ ಮರ ಕಲ್ಲಿನ ಹಾಗಿದೆ, ಒಂದೂವರೆ ಅಡಿ ಮಾತ್ರ ಹೋಗಿದೆ ಅಂದರು. ಅಷ್ಟನ್ನೇ ಕತ್ತರಿಸಿ, ಓರೆಯಾಗಿ ಹೊಸ ತುಂಡು ಬೆಸೆದು, ರೆಕ್ಕೆಯ ಅಂಚಿಗೆ ಉಜ್ಜುಗೊರಡು ಹಾಕಿ, ಕೀಲು ಬದಲಾಯಿಸಿ ಕೊಟ್ಟರು. ಒಂದೂವರೆ ದಿನದ ಕೆಲಸ, ಮರ ಸೇರಿ ₹4,200. ಕಿತ್ತು ಕಳಿಸಿದ ಆರರಲ್ಲಿ ನಾಲ್ಕು ಇದಕ್ಕಿಂತ ಚೆನ್ನಾಗಿದ್ದವು ಅನ್ನುವುದು ಆಗ ನೆನಪಾಗಿ ಹೊಟ್ಟೆ ಉರಿಯಿತು. ಅಪ್ಪ ಆರಿಸಿ ತಂದಿದ್ದ ಮರ ಅದು. ಕಿಟಕಿ ಹಳತಾಯಿತು ಅಂದರೆ ಏನು ಹಳತಾಯಿತು ಅಂತ ಯಾರೂ ಕುಟ್ಟಿ ನೋಡಿರಲಿಲ್ಲ. ಚದರಡಿ ದರದಲ್ಲಿ ದುಡಿಯುವವರಿಗೆ ಕುಟ್ಟಿ ನೋಡುವುದರಿಂದ ಏನೂ ಹುಟ್ಟುವುದಿಲ್ಲ.

ಅಮ್ಮ ಈಗ ಮಧ್ಯಾಹ್ನ ಆ ಹಿತ್ತಲ ಕೋಣೆಯಲ್ಲೇ ಮಲಗುತ್ತಾರೆ. ಮಲಗುವ ಕೋಣೆಯ ಸ್ಲೈಡಿಂಗನ್ನು ತೆಗೆಸಿ ರೆಕ್ಕೆ ಕಿಟಕಿ ಹಾಕಿಸುವುದು ಅಂತ ತೀರ್ಮಾನಿಸಿದ್ದೇವೆ. ಹೋದ ವಾರ ಅಳತೆಗೆ ಒಬ್ಬರು ಬಂದಿದ್ದರು, ಐವತ್ತು ದಾಟಿದ ಮನುಷ್ಯ. ಟೇಪು ಬಿಚ್ಚುವ ಮೊದಲು, "ಅಮ್ಮಾ, ಮಳೆ ಯಾವ ಕಡೆಯಿಂದ ಹೊಡೆಯುತ್ತೆ?" ಅಂತ ಕೇಳಿದರು. ಅಮ್ಮ ಕೈ ತೋರಿಸಿದರು. ಅವರು ಹೊರಗೆ ಹೋಗಿ ಸಜ್ಜಾದ ಕೆಳಗೆ ನಿಂತು ಮೇಲೆ ನೋಡಿದರು, ಒಳಗೆ ಬಂದು ಕಂಡಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು, ಮೂರರಲ್ಲಿ ಚಿಕ್ಕದನ್ನು ಬರೆದುಕೊಂಡರು. ದರ ಇನ್ನೂ ಹೇಳಿಲ್ಲ.