ಮಂಡಿಯೂರಿದ ದೇಹದ ಸತ್ಯ: ಒಂದು ಡಿಜಿಟಲ್ ಪಾದಕ್ಷಾಲನಾ ಚಿತ್ರವನ್ನು ಕುರಿತು

ಪವಿತ್ರ ಗುರುವಾರದ ಬಲಿಪೂಜೆಗಾಗಿ ಬ್ಯಾಡಗಿಯ ಪುಟ್ಟ ವಿಶ್ವಾಸಿ ಸಮುದಾಯವೊಂದರಲ್ಲಿ ಈ ವರ್ಷ ಹೊಸ ಚಿತ್ರವೊಂದನ್ನು ತೂಗುಹಾಕಲಾಗಿತ್ತು. ರಾಣೆಬೆನ್ನೂರಿನ ಯುವ ಕಲಾವಿದರೊಬ್ಬರು ಟ್ಯಾಬ್ಲೆಟ್ಟಿನಲ್ಲಿ ರಚಿಸಿ, ಹಾವೇರಿಯಲ್ಲಿ ಮುದ್ರಿಸಿ ತಂದ ಪಾದಕ್ಷಾಲನೆಯ ಚಿತ್ರವದು. 17ನೆಯ ಶತಮಾನದ ಐರೋಪ್ಯ ತೈಲವರ್ಣದ ಶೈಲಿ. ಕಂದು ಕತ್ತಲೆ, ದೀಪದ ಹೊಂಬೆಳಕು, ಜರಿಯಂಚಿನ ನಿಲುವಂಗಿಗಳು. ಎಲ್ಲರೂ ಮೆಚ್ಚಿದರು, ನಾವೂ ಮೆಚ್ಚಿದೆವು. ಆದರೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಬಾಳು ಸವೆಸಿದ ಹಿರಿಯ ತಾಯಿಯೊಬ್ಬರು ಬಹಳ ಹೊತ್ತು ದಿಟ್ಟಿಸಿ, “ಫಾದರ್, ಯೇಸುಸ್ವಾಮಿ ಕುಂತಿಲ್ರೀ, ಕುಂತಂಗ ಮಾಡ್ಯಾರ” ಎಂದರು.

ಆ ಮಾತೇ ಈ ವಿಮರ್ಶೆಗೆ ಪ್ರೇರಣೆ. ಕ್ರಿಸ್ತರು ದೇಹಧಾರಿಯಾದಂತೆ ತೋರಿದರೇ ಹೊರತು ನಿಜವಾಗಿ ದೇಹ ಧರಿಸಲಿಲ್ಲವೆಂಬ ವಾದವನ್ನು ನಾವು ತರಗತಿಯಲ್ಲಿ ಡೋಸೆಟಿಸಂ ಎಂದು ಕಲಿಸುತ್ತೇವೆ. ‘ತೋರು’ ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ ಬಂದ ಹೆಸರದು. ಅಂತಿಯೋಕ್ಯದ ಸಂತ ಇಗ್ನೇಷಿಯಸ್ ಸ್ಮುರ್ನದ ಸಭೆಗೆ ಬರೆದ ಪತ್ರದಲ್ಲಿ ಈ ವಾದವನ್ನು ತೀಕ್ಷ್ಣವಾಗಿ ಖಂಡಿಸಿದ್ದಾರೆ. 787ರಲ್ಲಿ ನೈಸೀಯಾದ ಎರಡನೆಯ ಮಹಾಸಭೆ ಪವಿತ್ರ ಚಿತ್ರಗಳ ಗೌರವವನ್ನು ಎತ್ತಿಹಿಡಿದಾಗಲೂ ಮನುಷ್ಯಾವತಾರದ ಸತ್ಯತೆಯನ್ನೇ ಆಶ್ರಯಿಸಿತು. ಕಲಾವಿದರ ವಿಶ್ವಾಸವನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ರೇಖೆಯೂ ಬೋಧಿಸುತ್ತದೆ. ಬಾಯಿ ನುಡಿಯದ ತಪ್ಪನ್ನು ಕೈ ನುಡಿದುಬಿಡಬಲ್ಲದು.

ಮೊದಲು ದೇಹರಚನೆ. ಮಂಡಿಯೂರಿ ಮುಂದಕ್ಕೆ ಬಾಗಿದವನ ಭಾರ ಎಲ್ಲೋ ಒಂದೆಡೆ ನೆಲಕ್ಕೆ ಇಳಿಯಲೇಬೇಕು. ಸೊಂಟ ವಾಲುತ್ತದೆ, ಬೆನ್ನು ಅದಕ್ಕೆ ತಕ್ಕಂತೆ ಬಾಗುತ್ತದೆ, ಬಟ್ಟೆಯ ನೆರಿಗೆಗಳು ಮಂಡಿಯಿಂದಲೂ ನಡುವಿನಿಂದಲೂ ಬಿಗಿಯಾಗಿ ಹೊರಡುತ್ತವೆ. ಈ ಚಿತ್ರದಲ್ಲಾದರೋ ಪ್ರಭುವಿನ ಎದೆ ಮತ್ತು ಬೆನ್ನು ನಿಂತವರದು; ನಿಲುವಂಗಿಯ ಕೆಳಗೆ ಮಾತ್ರ ಮಂಡಿಯ ಸೂಚನೆಯಿದೆ. ತೊಡೆ ಎಷ್ಟು ಗಿಡ್ಡವೆಂದರೆ ಅವರು ಎದ್ದುನಿಂತರೆ ಪೇತ್ರನ ಭುಜಕ್ಕೂ ಬರಲಾರರು. ಪೇತ್ರನ ಕಾಲಿನ ಒಳಗಣ್ಣೂ ಹೊರಗಣ್ಣೂ ಒಂದೇ ಮಟ್ಟದಲ್ಲಿವೆ. ನಿಜವಾದ ಕಾಲಿನಲ್ಲಿ ಒಳಗಿನದು ತುಸು ಮೇಲಿರುತ್ತದೆ. ಪ್ರಭುವಿನ ಬೆರಳುಗಳು ಆ ಪಾದದ ಮೇಲಿವೆ, ಆದರೆ ಅದನ್ನು ಹಿಡಿದಿಲ್ಲ. ಹಿಮ್ಮಡಿಯ ಭಾರ ಅಂಗೈಗೆ ತಾಗಿಲ್ಲ. ಸ್ಪರ್ಶವೇ ವಿಷಯವಾದ ಚಿತ್ರದಲ್ಲಿ ಸ್ಪರ್ಶವಿಲ್ಲ.

ಎರಡನೆಯದು ಸಂಯೋಜನೆ. ಹನ್ನೆರಡು ಮಂದಿ ಶಿಷ್ಯರು ಸಾಲಾಗಿ, ಒಂದೇ ಎತ್ತರದಲ್ಲಿ, ಶಾಲೆಯ ಗುಂಪುಚಿತ್ರದಂತೆ ನಮ್ಮತ್ತ ನೋಡುತ್ತಾರೆ. ಅತ್ಯಂತ ಬೆಳಗುವುದು ಪ್ರಭಾವಲಯ ಮತ್ತು ಹೂಜಿ. ಕೈ ಮತ್ತು ಪಾದ ಅರೆಗತ್ತಲೆಯಲ್ಲಿವೆ. ನೆರಳುಗಳು ಎರಡು ದಿಕ್ಕಿಗೆ ಬೀಳುತ್ತವೆ. ಮಿಲಾನಿನ ಅಂತಿಮ ಭೋಜನದಲ್ಲಿ ಲಿಯೊನಾರ್ಡೊ ಹನ್ನೆರಡು ಮಂದಿಯನ್ನು ಮೂವರಂತೆ ನಾಲ್ಕು ಗುಂಪುಗಳಾಗಿಸಿ ಉದ್ದ ಮೇಜಿಗೆ ಉಸಿರು ತಂದರು. ಈಗ ಮ್ಯಾಡ್ರಿಡ್ಡಿನ ಪ್ರಾಡೊದಲ್ಲಿರುವ ಪಾದಕ್ಷಾಲನೆಯಲ್ಲಿ ಟಿಂಟೊರೆಟ್ಟೊ ಇನ್ನೂ ಧೈರ್ಯ ತೋರಿ ಪ್ರಭುವನ್ನು ಚಿತ್ರದ ಬಲ ಅಂಚಿಗೇ ಇಟ್ಟರು. ಸೇವಕನ ಸ್ಥಾನ ನಡುವಲ್ಲ, ಅಂಚು. ನಮ್ಮ ಚಿತ್ರದಲ್ಲಿ ಪ್ರಭುವಿನ ಶಿರ ಉಳಿದೆಲ್ಲರ ಶಿರಗಳಿಗಿಂತ ಕೆಳಗೆ ಬಂದಿದ್ದರೆ ಸಾಕಿತ್ತು, ಯೊವಾನ್ನರ ಹದಿಮೂರನೆಯ ಅಧ್ಯಾಯದ ಅರ್ಧ ಪಾಲು ಅಲ್ಲಿಯೇ ವ್ಯಕ್ತವಾಗುತ್ತಿತ್ತು.

ಪವಿತ್ರ ಕಲೆಗೆ ಅಳತೆಪಟ್ಟಿ ಬೇಕೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಈ ಸೀಮೆಯ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ವೀರ ಶತ್ರುಗಳಿಗಿಂತ ದೊಡ್ಡವನಾಗಿಯೇ ನಿಲ್ಲುತ್ತಾನೆ. ಮೈಕೆಲೇಂಜೆಲೊನ ಪಿಯೆತಾದಲ್ಲಿ ಮಾತೆ ಮರಿಯಮ್ಮ ಎದ್ದುನಿಂತರೆ ಮಗನಿಗಿಂತ ಬಹಳ ಎತ್ತರವಾದಾರು. ಬೆಳೆದ ಮಗನ ದೇಹ ತಾಯ ಮಡಿಲಲ್ಲಿ ಹಿಡಿಸಬೇಕೆಂದು ಶಿಲ್ಪಿ ಬೇಕೆಂದೇ ಹಾಗೆ ಮಾಡಿ, ಸೆರಗಿನ ನೆರಿಗೆಗಳಲ್ಲಿ ಅದನ್ನು ಮರೆಸಿದ. ಅಳತೆಯನ್ನು ಅರಿತು ಮೀರುವುದು ಬೇರೆ, ಅರಿಯದೆ ತಪ್ಪುವುದು ಬೇರೆ. ಮೊದಲನೆಯದರಲ್ಲಿ ಅರ್ಥ ಹಿಗ್ಗುತ್ತದೆ, ಎರಡನೆಯದರಲ್ಲಿ ಸೋರಿಹೋಗುತ್ತದೆ.

ದೇಹವನ್ನು ಮರೆಮಾಡುವ ಒತ್ತಡ ಹೊಸದೂ ಅಲ್ಲ. ಇಂಗ್ಲೆಂಡಿನ ಫೋರ್ಡ್ ಮ್ಯಾಡಕ್ಸ್ ಬ್ರೌನ್ ಇದೇ ಪ್ರಸಂಗವನ್ನು ಚಿತ್ರಿಸಿ 1852ರಲ್ಲಿ ಪ್ರದರ್ಶಿಸಿದಾಗ, ಸುವಾರ್ತೆಯಲ್ಲಿರುವಂತೆಯೇ ಮೇಲುಡುಪು ಕಳಚಿದ ಯೇಸುವನ್ನು ಕಂಡು ಜನ ಕೆರಳಿದರು. ಕಡೆಗೆ ಅವರು ಉಡುಪು ತೊಡಿಸಿ ತಿದ್ದಬೇಕಾಯಿತು. ಆದರೂ ಅಲ್ಲಿ ಬಾಗಿದ ಬೆನ್ನು ಬಾಗಿಯೇ ಉಳಿಯಿತು. ನಮ್ಮ ಕಲಾವಿದರೂ ಜರಿಯಂಚನ್ನು ಬಿಟ್ಟು, ನಡುವಿಗೆ ಸುತ್ತಿದ ವಸ್ತ್ರಕ್ಕೆ ಮರಳುವುದು ಒಳಿತು.

ಡಿಜಿಟಲ್ ಮಾಧ್ಯಮಕ್ಕೆ ತನ್ನದೇ ಆದ ಪ್ರಲೋಭನೆಯೊಂದಿದೆ. ಪರದೆಯನ್ನು ಹಿಗ್ಗಿಸಿ ಕಣ್ರೆಪ್ಪೆಯನ್ನು ತಿದ್ದುತ್ತ ಕುಳಿತವರಿಗೆ ಇಡೀ ದೇಹ ಮರೆತುಹೋಗುತ್ತದೆ. ಪರಿಹಾರವೂ ಅದೇ ಉಪಕರಣದಲ್ಲಿದೆ. ಮೊದಲು ಅಂಗೈಯಗಲದ ಕರಡಿನಲ್ಲಿ ಕಪ್ಪು, ಬೂದು, ಬಿಳುಪು ಎಂಬ ಮೂರೇ ಛಾಯೆಗಳಿಂದ ಸಂಯೋಜನೆಯನ್ನು ನಿರ್ಧರಿಸಬೇಕು. ಉಡುಪಿಲ್ಲದ ದೇಹವನ್ನು ಒಂದು ಪದರದಲ್ಲಿ ಬಿಡಿಸಿ, ಅದು ನೆಲದ ಮೇಲೆ ಕುಳಿತಿದೆಯೆಂದು ಖಚಿತವಾದ ಮೇಲೆಯೇ ಮತ್ತೊಂದು ಪದರದಲ್ಲಿ ಬಟ್ಟೆ ತೊಡಿಸಬೇಕು. ಆಗಾಗ ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ ಒಗ್ಗಿದ ಕಣ್ಣಿಗೆ ಕಾಣದ ಓರೆ ಕಾಣುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ಕುಳಿತು, ಚೀಲಕ್ಕೆ ಹೆಗಲು ಕೊಡುವ ಹಮಾಲರನ್ನೂ ರಾಶಿಯ ಮುಂದೆ ಕುಳಿತ ತಾಯಂದಿರನ್ನೂ ಅರ್ಧ ಅರ್ಧ ನಿಮಿಷದ ಗೆರೆಗಳಲ್ಲಿ ಹಿಡಿಯಲಿ. ಪ್ರಭುವಿನ ಮಂಡಿ ಅಲ್ಲಿ ಸಿಗುತ್ತದೆ.

ತಪ್ಪಿನ ದೊಡ್ಡ ಪಾಲು ನಮ್ಮದು, ಗುರುಗಳದು. ಹಬ್ಬಕ್ಕೆ ಹತ್ತು ದಿನ ಇರುವಾಗ ಮೊಬೈಲಿನಲ್ಲಿ ಒಂದು ಹಳೆಯ ಚಿತ್ರ ಕಳುಹಿಸಿ, ಇದರಂತೆಯೇ ಇರಲಿ, ಇನ್ನಷ್ಟು ಹೊಳೆಯಲಿ ಎನ್ನುವವರು ನಾವೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ದೈವಾರಾಧನಾ ಸಂವಿಧಾನದ 129ನೆಯ ಪರಿಚ್ಛೇದದಲ್ಲಿ, ಗುರುಮಠದ ವಿದ್ಯಾರ್ಥಿಗಳಿಗೆ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರದ ವ್ಯಾಸಂಗದ ವೇಳೆಯಲ್ಲೇ ಪವಿತ್ರ ಕಲೆಯ ಇತಿಹಾಸ ಮತ್ತು ತತ್ತ್ವಗಳನ್ನು ಕಲಿಸಬೇಕೆಂದು ವಿಧಿಸಿದೆ. ನಮ್ಮ ಪಾಠಪಟ್ಟಿಯಲ್ಲಿ ಅದಕ್ಕೆ ಎಷ್ಟು ಗಂಟೆಗಳು ಮೀಸಲಾಗಿವೆಯೆಂದು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಕಲಾವಿದರು ಚಿತ್ರವನ್ನು ತಿದ್ದಲು ಒಪ್ಪಿದ್ದಾರೆ. ಮುಂದಿನ ತಪಸ್ಸುಕಾಲದಲ್ಲಿ ಅದನ್ನು ತೂಗುಹಾಕುವ ಮೊದಲು ಆ ತಾಯಿಗೇ ತೋರಿಸಬೇಕೆಂದಿದ್ದೇವೆ.